ಮೋಟಾರು ಕಾರಿನ ಮೆರುಗು

ಮನೆಯಲ್ಲಿ ನಿತ್ಯವೂ ಬಳಸುವ ಸ್ಟೀಲಿನ ಊಟದ ತಟ್ಟೆಯೊಂದನ್ನು ತೊಳೆದು ಒರೆಸಿ, ಇರುಳಿನಲ್ಲಿ ಒಂದೇ ದೀಪದ ಕೆಳಗೆ ಹಿಡಿದು ನೋಡಿರಿ. ದೀಪದ ಪ್ರತಿಬಿಂಬದ ಸುತ್ತಲೂ ಜೇಡನ ಬಲೆಯಂತೆ ನೂರಾರು ಸಣ್ಣ ಗೆರೆಗಳು ವೃತ್ತಾಕಾರವಾಗಿ ಹೊಳೆಯುವುದು ಕಾಣುತ್ತದೆ. ತಟ್ಟೆಯನ್ನು ಸ್ವಲ್ಪ ಸರಿಸಿದರೆ ಬಲೆಯೂ ದೀಪದ ಬಿಂಬದೊಡನೆಯೇ ಸರಿಯುತ್ತದೆ. ಹಾಗಾದರೆ ಗೀರುಗಳು ತಟ್ಟೆಯ ಮೇಲೆ ನಡೆದಾಡುತ್ತವೆಯೆ? ಇಲ್ಲ. ಪಾತ್ರೆ ಉಜ್ಜುವ ನಾರು ಎಲ್ಲ ದಿಕ್ಕುಗಳಲ್ಲಿಯೂ ಗೀರುಗಳನ್ನು ಮಾಡಿದೆ. ಅವುಗಳಲ್ಲಿ ಬಿಂಬವನ್ನು ಬಳಸಿದಂತೆ ಅಡ್ಡಲಾಗಿ ಇರುವವು ಮಾತ್ರ ಬೆಳಕನ್ನು ನಮ್ಮ ಕಣ್ಣಿನತ್ತ ತಿರುಗಿಸುತ್ತವೆ. ಉಳಿದವು ಬೇರೆಡೆಗೆ ಚೆದುರಿಸುವುದರಿಂದ ನಮಗೆ ಗೋಚರಿಸುವುದಿಲ್ಲ.

ಬಿಸಿಲಿನಲ್ಲಿ ನಿಂತ ಕಪ್ಪು ಕಾರಿನ ಮೈಮೇಲೆ ಸೂರ್ಯಬಿಂಬದ ಸುತ್ತ ಕಾಣುವ ಬಲೆಯೂ ಇದೇ ಬಗೆಯದು. ಗಾಡಿ ಮಂಕಾಯಿತೆಂದು ಜನರು ಹೇಳುವಾಗ ಬಹುಮಟ್ಟಿಗೆ ಈ ಗೀರುಗಳನ್ನೇ ಕುರಿತು ಹೇಳುತ್ತಿರುತ್ತಾರೆ. ಇದರ ಪರಿಹಾರಕ್ಕೆಂದು ಅಂಗಡಿಗಳಲ್ಲಿ ಪಾಲಿಷ್, ಸೀಲೆಂಟ್, ಮೇಣ ಎಂಬ ಮೂರು ಬಗೆಯ ಡಬ್ಬಿಗಳು ದೊರೆಯುತ್ತವೆ. ಮೂರರ ಮೇಲೂ ಹೊಳಪಿನ ಭರವಸೆಯೇ ಇರುವುದರಿಂದ ಯಾವುದನ್ನು ಮೊದಲು ಹಚ್ಚಿದರೇನೆಂದು ತೋರುವುದು ಸಹಜ. ನಮ್ಮ ಪರಿಚಿತರೊಬ್ಬರು ತಮ್ಮ ಕಾರಿಗೆ ಮೊದಲು ಮೇಣ ಹಚ್ಚಿ, ಅದರ ಮೇಲೆ ಸೀಲೆಂಟ್ ಬಳಿದರು. ಎರಡು ತಿಂಗಳು ಕಳೆಯುವುದರೊಳಗೆ ಅದು ಅಲ್ಲಲ್ಲಿ ಬಿಟ್ಟುಹೋಗಿ, ಮಳೆಯ ನೀರು ಒಂದೆಡೆ ಹನಿಗಟ್ಟಿದರೆ ಇನ್ನೊಂದೆಡೆ ಹಾಳೆಯಂತೆ ಹರಡಿಕೊಳ್ಳುತ್ತಿತ್ತು. ಸರಿಪಡಿಸಲೆಂದು ಯಂತ್ರದಿಂದ ಮತ್ತೆ ಮತ್ತೆ ಪಾಲಿಷ್ ಮಾಡಿದರು. ಆ ಸಾಹಸದಲ್ಲಿ ನಮ್ಮ ಪಾಲೂ ಉಂಟೆಂಬುದನ್ನು ಮುಚ್ಚಿಡಲಾರೆವು. ಕೊನೆಗೆ ಬಾನೆಟ್ಟಿನ ಅಂಚಿನಲ್ಲಿ ಬೆರಳುಗಲದ ಬಣ್ಣವೇ ಸವೆದುಹೋಯಿತು.

ಹೀಗಾದುದೇಕೆಂಬುದನ್ನು ತಿಳಿಯಲು ಬಣ್ಣದ ರಚನೆಯನ್ನು ನೋಡಬೇಕು. ಹಿಂದೆ ಕಾರುಗಳಿಗೆ ಬಣ್ಣವೇ ಹೊರಮೈಯಾಗಿತ್ತು. ಫೋರ್ಡ್ ಕಂಪೆನಿಯ ಮಾಡೆಲ್ ಟಿ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ದೊರೆಯುತ್ತಿದ್ದುದು ಪ್ರಸಿದ್ಧವಾದ ಸಂಗತಿ. ಬೇಗ ಒಣಗುವ ನೈಟ್ರೋಸೆಲ್ಯುಲೋಸ್ ಬಣ್ಣಗಳು 1920ರ ದಶಕದಲ್ಲಿ ಬಂದ ಮೇಲೆ ವರ್ಣವೈವಿಧ್ಯ ಸುಲಭವಾಯಿತು. ಇಂದಿನ ಕಾರುಗಳಲ್ಲಾದರೋ ಉಕ್ಕಿನ ತಗಡಿನ ಮೇಲೆ ತುಕ್ಕುನಿರೋಧಕ ಲೇಪ, ಪ್ರೈಮರ್, ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಒಂದು ಪದರ, ಹೀಗೆ ಹಲವು ಲೇಪಗಳಿರುತ್ತವೆ. ಎಲ್ಲವೂ ಸೇರಿ ದಪ್ಪ ಸುಮಾರು 100ರಿಂದ 150 ಮೈಕ್ರಾನ್. ಮಿಲಿಮೀಟರಿನ ಸಾವಿರದ ಒಂದಂಶವೇ ಮೈಕ್ರಾನ್. ಪಾರದರ್ಶಕ ಪದರವೊಂದೇ ಸುಮಾರು 40ರಿಂದ 50 ಮೈಕ್ರಾನ್, ಎಂದರೆ ಬರೆಯುವ ಕಾಗದದ ಹೆಚ್ಚುಕಡಿಮೆ ಅರ್ಧದಷ್ಟು. ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿ ಕೆಳಗಿನ ಬಣ್ಣವನ್ನು ಕಾಯುವುದು ಇದೇ. ನಮ್ಮ ಗೀರುಗಳೂ ಇರುವುದು ಇದರಲ್ಲಿಯೇ.

ಪಾಲಿಷ್ ಈ ಪದರಕ್ಕೆ ಏನನ್ನೂ ಸೇರಿಸುವುದಿಲ್ಲ, ಅದರಿಂದ ಕಳೆಯುತ್ತದೆ. ಅದರಲ್ಲಿರುವ ಅಲ್ಯೂಮಿನಿಯಂ ಆಕ್ಸೈಡಿನ ನುಣ್ಣನೆಯ ಪುಡಿ, ಗೀರಿನ ಎರಡು ದಡಗಳನ್ನು ಗೀರಿನ ತಳದವರೆಗೆ ಸವೆಸಿ ಮಟ್ಟಮಾಡುತ್ತದೆ. ಆಗ ಬೆಳಕು ಚೆದುರದೆ ಕನ್ನಡಿಯಿಂದ ಮರಳುವಂತೆ ಮರಳುತ್ತದೆ. ಒಂದು ಸಲಕ್ಕೆ ಹೋಗುವುದು ಕೆಲವೇ ಮೈಕ್ರಾನ್‌ಗಳಾದರೂ ಹೋದದ್ದು ಮರಳಿ ಬರುವುದಿಲ್ಲ. ಅಂಚುಗಳಲ್ಲಿ ಬಣ್ಣ ತೆಳುವಾಗಿರುತ್ತದೆ. ಯಂತ್ರದ ಒತ್ತಡವೂ ಅಲ್ಲಿಯೇ ಹೆಚ್ಚು ಬೀಳುತ್ತದೆ. ಪಾರದರ್ಶಕ ಪದರ ಒಮ್ಮೆ ಸವೆದುಹೋದರೆ ಹೊಸದಾಗಿ ಬಣ್ಣ ಹೊಡೆಸುವುದಲ್ಲದೆ ಬೇರೆ ದಾರಿಯಿಲ್ಲ.

ಇಷ್ಟು ತಿಳಿದ ಮೇಲೆ ಕ್ರಮವು ತಾನಾಗಿಯೇ ಹೊಳೆಯುತ್ತದೆ. ಎಲ್ಲಕ್ಕೂ ಮೊದಲು ತೊಳೆಯಬೇಕು. ಧೂಳಿನಲ್ಲಿರುವ ಮರಳು ಬಹುಮಟ್ಟಿಗೆ ಬೆಣಚುಕಲ್ಲಿನ ಪುಡಿ. ಮೋಸ್ ಕಾಠಿಣ್ಯಮಾನದಲ್ಲಿ ಅದರ ಸ್ಥಾನ 7. ಗಾಜನ್ನೇ ಗೀರುವ ಈ ವಸ್ತುವನ್ನು ಒಣಬಟ್ಟೆಯಿಂದ ಒರೆಸುವುದೆಂದರೆ ಮರಳುಕಾಗದದಿಂದ ಉಜ್ಜಿದಂತೆಯೇ. ಬೆಳಗ್ಗೆ ಎದ್ದೊಡನೆ ಒಣ ಚೌಕದಿಂದ ಕಾರನ್ನು ಜಾಡಿಸಿ ಒರೆಸುವ ನಮ್ಮ ಊರುಗಳ ಶ್ರದ್ಧಾವಂತರು ಇದನ್ನು ಗಮನಿಸಬೇಕು. ತೊಳೆದ ಮೇಲೂ ಬ್ರೇಕಿನಿಂದ ಸಿಡಿದ ಕಬ್ಬಿಣದ ಕಣಗಳು ಬಣ್ಣದಲ್ಲಿ ನಾಟಿಕೊಂಡಿರಬಹುದು. ತೆಳ್ಳನೆಯ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಾನೆಟ್ಟಿನ ಮೇಲೆ ಮೆಲ್ಲನೆ ಸವರಿದರೆ ಬರಿಗೈಗೆ ತಿಳಿಯದ ತರಿಯೂ ತಿಳಿಯುತ್ತದೆ. ಇವನ್ನು ತೆಗೆಯಲು ಜಿಗುಟಾದ ಒಂದು ಬಗೆಯ ಕೃತಕ ಜೇಡಿಯುಂಟು. ಮೈಯನ್ನು ಚೆನ್ನಾಗಿ ಒದ್ದೆಮಾಡಿ ಅದನ್ನು ಹಗುರವಾಗಿ ಜಾರಿಸಬೇಕು.

ಅನಂತರ ಪಾಲಿಷ್. ಮೇಣ ಹಚ್ಚಿದ ಮೇಲೆ ಪಾಲಿಷ್ ಮಾಡಿದರೆ ಹಚ್ಚಿದ ಮೇಣವನ್ನೇ ಕೆರೆದು ತೆಗೆದಂತಾಗುತ್ತದೆ. ಇಲ್ಲೊಂದು ಮೋಸವೂ ಉಂಟು. ಪಾಲಿಷ್‌ಗಳಲ್ಲಿರುವ ಎಣ್ಣೆಯ ಅಂಶ ಗೀರುಗಳಲ್ಲಿ ತುಂಬಿಕೊಂಡು ಅವುಗಳನ್ನು ಮರೆಮಾಡುತ್ತದೆ. ಎರಡು ಮಳೆ ಬಿದ್ದ ಮೇಲೆ ಗೀರುಗಳು ಮತ್ತೆ ತಲೆಯೆತ್ತುತ್ತವೆ. ಆದುದರಿಂದ ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಎಣ್ಣೆಯನ್ನು ಒರೆಸಿ ತೆಗೆದು, ಗೀರು ನಿಜವಾಗಿಯೂ ಹೋಗಿದೆಯೇ ಎಂದು ಪರೀಕ್ಷಿಸಬೇಕು.

ಈ ಒರೆಸುವಿಕೆಗೆ ಇನ್ನೊಂದು ಪ್ರಯೋಜನವೂ ಇದೆ. ಮುಂದೆ ಹಚ್ಚುವ ಸೀಲೆಂಟ್ ಎಂಬುದು ಸಿಲಿಕೋನ್ ಮೊದಲಾದ ಕೃತಕ ಪಾಲಿಮರುಗಳಿಂದಾದ ವಸ್ತು. ಅದು ಬಣ್ಣದ ಮೈಯನ್ನು ನೇರವಾಗಿ ಹಿಡಿದುಕೊಳ್ಳಬೇಕು. ನಡುವೆ ಎಣ್ಣೆಯೋ ಮೇಣವೋ ಇದ್ದರೆ ಅದು ಹಿಡಿಯುವುದು ಅದನ್ನೇ. ಬಿಸಿಲಿಗೆ ಮೇಣ ಮೆತ್ತಗಾಗಿ ಸೋಪಿನ ನೀರಿನಲ್ಲಿ ಹೋದಾಗ, ಮೇಲಿದ್ದ ಸೀಲೆಂಟೂ ಅದರೊಡನೆಯೇ ಹೋಗುತ್ತದೆ. ನಮ್ಮ ಪರಿಚಿತರ ಕಾರಿಗೆ ಆದುದು ಇದೇ. ತಾರುಹಾಕದ ಮಣ್ಣಿನ ಮೇಲೆ ಕಲ್ಲುಚಪ್ಪಡಿಯನ್ನು ಹಾಸಿದಂತಾಯಿತು.

ಸೀಲೆಂಟನ್ನು ತೆಳುವಾಗಿ ಬಳಿದು, ತಯಾರಕರು ಹೇಳಿದಷ್ಟು ಗಂಟೆಗಳ ಕಾಲ ಗಟ್ಟಿಯಾಗಲು ಬಿಟ್ಟು, ಬೇಕಾದರೆ ಅದರ ಮೇಲೆ ಮೇಣ ಹಚ್ಚಬಹುದು. ಮೇಣಗಳಲ್ಲಿ ಹೆಸರಾದುದು ಕಾರ್ನೌಬಾ. ಬ್ರಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆಮರ, ಬೇಸಗೆಯಲ್ಲಿ ನೀರು ಆರಿಹೋಗದಂತೆ ತನ್ನ ಗರಿಗಳಿಗೆ ತಾನೇ ಲೇಪಿಸಿಕೊಳ್ಳುವ ಮೇಣವಿದು. ಗರಿಗಳನ್ನು ಕತ್ತರಿಸಿ, ಒಣಗಿಸಿ, ಬಡಿದು ಇದನ್ನು ಉದುರಿಸುತ್ತಾರೆ. ಸಸ್ಯಜನ್ಯ ಮೇಣಗಳಲ್ಲಿ ಇದು ಬಹಳ ಗಡಸು. ಕರಗುವುದು ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಹಚ್ಚಲು ಸುಲಭವಾಗಲೆಂದು ಇದಕ್ಕೆ ಎಣ್ಣೆಗಳನ್ನೂ ಮೆತ್ತನೆಯ ಮೇಣಗಳನ್ನೂ ಸೇರಿಸಿರುವುದರಿಂದ ಡಬ್ಬಿಯಲ್ಲಿರುವ ಮೇಣ ಅಷ್ಟು ಗಟ್ಟಿಗನಲ್ಲ. ಸೀಲೆಂಟ್ ಕೆಲವು ತಿಂಗಳು ಬಾಳಿದರೆ ಮೇಣ ಕೆಲವು ವಾರಗಳಲ್ಲಿ ತೀರುತ್ತದೆ. ಬೇಗ ತೀರುವುದು ಮೇಲಿರುವುದೇ ಸರಿ. ಸೀಲೆಂಟಿನ ಮೇಲೆ ಮೇಣ ಹಚ್ಚಿದುದರಿಂದ ಹೊಳಪು ಬಹಳ ಹೆಚ್ಚಿತೆಂದು ಹೇಳುವವರಿದ್ದಾರೆ. ನಮ್ಮ ಕಣ್ಣಿಗಂತೂ ಆ ವ್ಯತ್ಯಾಸ ಅಲ್ಪವಾಗಿಯೇ ಕಂಡಿದೆ.

ಅಪಘಾತದ ನಂತರ ಹೊಸದಾಗಿ ಬಣ್ಣ ಹೊಡೆಸಿದ ಬಾಗಿಲಿಗೆ ಮಾತ್ರ ಈ ಕ್ರಮವನ್ನು ಕೂಡಲೇ ಅನ್ವಯಿಸಬಾರದು. ಕಾರ್ಖಾನೆಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿ ಶಾಖದ ಕೋಣೆಗಳಲ್ಲಿ ಬೇಯಿಸುತ್ತಾರೆ. ದುರಸ್ತಿಯ ಷೆಡ್ಡಿನಲ್ಲಿ ಅಷ್ಟು ಶಾಖ ಕೊಡಲಾಗದು. ಬಣ್ಣದೊಳಗಿನ ದ್ರಾವಕ ಕೆಲವು ವಾರಗಳವರೆಗೂ ಮೆಲ್ಲಮೆಲ್ಲನೆ ಆರುತ್ತಿರುತ್ತದೆ. ಸೀಲೆಂಟ್ ಅಥವಾ ಮೇಣದಿಂದ ಅದನ್ನು ಮುಚ್ಚದೆ, ಬಣ್ಣದ ತಯಾರಕರು ಹೇಳಿದ ಅವಧಿ ಮುಗಿಯುವವರೆಗೆ ಬರಿಯ ನೀರಿನಿಂದ ತೊಳೆದು ಮೃದುವಾದ ಬಟ್ಟೆಯಿಂದ ಒತ್ತಿ ನೀರನ್ನು ಹೀರಿಸಿದರೆ ಸಾಕು.