ಅಘನಾಶಿನಿಯ ಅಳಿವೆಯಲ್ಲಿ ಉಪ್ಪು–ಸಿಹಿಯ ಲೆಕ್ಕ

ಶಿರಸಿಯ ಆಸುಪಾಸಿನಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಆಳಕ್ಕೆ ಧುಮುಕಿ, ಕುಮಟಾ ತಾಲ್ಲೂಕಿನ ತದಡಿಯ ಬಳಿ ಅರಬ್ಬಿ ಸಮುದ್ರವನ್ನು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಎಲ್ಲಿಯೂ ಇಲ್ಲ. ಅದರ ಅಳಿವೆ ಇಂದಿಗೂ ಉಳಿದುಕೊಂಡಿರುವುದಕ್ಕೆ ಈ 'ಇಲ್ಲ'ವೇ ಮುಖ್ಯ ಕಾರಣ. ಅಳಿವೆಯೆಂದರೆ ಹೊಳೆಯ ಸಿಹಿನೀರು ಕಡಲಿನ ಉಪ್ಪುನೀರಿನೊಡನೆ ಬೆರೆಯುವ ತಾಣ. ಮಳೆಗಾಲದ ನೆರೆ ಉಪ್ಪನ್ನು ಕಡಲಿಗೆ ತಳ್ಳಿದರೆ, ಬೇಸಗೆಯಲ್ಲಿ ಹೊಳೆ ಸೊರಗಿದಾಗ ಉಬ್ಬರದೊಡನೆ ಅದು ಮತ್ತೆ ಒಳಕ್ಕೆ ಏರುತ್ತದೆ. ಇಳಿತದ ಹೊತ್ತಿನಲ್ಲಿ ಹೆಂಗಸರು ಕೆಸರು ತಡಕಿ ಹೆಕ್ಕುವ ಬಳಚು ಎಂಬ ಚಿಪ್ಪುಜೀವಿ, ಬಂಡೆಗೆ ಅಂಟಿ ಬೆಳೆಯುವ ಕಲ್ವ ಎಂಬ ಸಿಂಪಿ, ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಎಲ್ಲವೂ ಈ ಏರಿಳಿತಕ್ಕೆ ಒಗ್ಗಿಕೊಂಡವು.

ಅಣೆಕಟ್ಟು ನೀರನ್ನು ತಡೆದು ಕೆಡಿಸುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆಯಾದರೂ, ನೆರೆಯ ಶರಾವತಿಯಲ್ಲಿ ಆದದ್ದು ಬಹುಮಟ್ಟಿಗೆ ಇದಕ್ಕೆ ತಿರುವುಮುರುವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ವಿದ್ಯುದಾಗಾರಗಳಿಂದ ಹೊರಬೀಳುವ ಸಿಹಿನೀರು ಬೇಸಗೆಯಲ್ಲಿಯೂ ನಿಲ್ಲದೆ ಹರಿದು, ಹೊನ್ನಾವರದ ಅಳಿವೆಯ ಉಪ್ಪಿನಂಶ ತಗ್ಗಿ, ಉಪ್ಪನ್ನು ಬಯಸುವ ಮೀನು, ಚಿಪ್ಪುಜೀವಿಗಳ ವೈವಿಧ್ಯ ಕುಗ್ಗಿತು. ಹೊಳೆಗೆ ಬಡತನದ ಕಾಲವೂ ಬೇಕು ಎಂಬುದು ನೀರಾವರಿಯ ಲೆಕ್ಕಕ್ಕೆ ಸುಲಭವಾಗಿ ದಕ್ಕುವ ಮಾತಲ್ಲ.

ಹೊಳೆಯ ಈ ಲೆಕ್ಕವನ್ನು ಬಲ್ಲ ಕೃಷಿಯೊಂದು ಅಘನಾಶಿನಿಯ ಅಳಿವೆಯಂಚಿನ ಗಜನಿಗಳಲ್ಲಿ, ಅಂದರೆ ಉಬ್ಬರದ ನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಉಳಿದಿದೆ. ಮಾಣಿಕಟ್ಟಾದಂಥ ಊರುಗಳಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ. ಮೊದಲ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆಯೊಡೆದ ಬೀಜ ಬಿತ್ತುವ ರೈತರು ಕೊಯ್ಲಿನಲ್ಲಿ ನೀರಿಗಿಳಿದು ತೆನೆಯನ್ನಷ್ಟೇ ಕತ್ತರಿಸಿಕೊಳ್ಳುತ್ತಾರೆ, ನೀರಲ್ಲೇ ಬಿಟ್ಟ ಹುಲ್ಲು ಕೊಳೆತು ಮುಂದೆ ಬರುವ ಸಿಗಡಿ, ಮೀನುಗಳಿಗೆ ಮೇವಾಗುತ್ತದೆ. ಗೊಬ್ಬರದ ಚೀಲ ಕಾಣದ ಈ ಗದ್ದೆಗಳನ್ನು ಹಿಂದುಳಿದ ಬೇಸಾಯವೆಂದು ಕರೆಯುವುದು ಅವಸರದ ತೀರ್ಪು. ಹಾಗಿದ್ದರೂ ಇವುಗಳಲ್ಲಿ ಹಲವು ಸಿಗಡಿ ಸಾಕಣೆಯ ಕೆರೆಗಳಾಗಿ ಭತ್ತವನ್ನೇ ಮರೆತಿವೆ.

ಜೌಗುಭೂಮಿಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸರ್‌ನಲ್ಲಿ ಆದ ಒಪ್ಪಂದದ ಪಟ್ಟಿಗೆ ಈ ಅಳಿವೆ 2024ರಲ್ಲಿ, ಅಂಕಸಮುದ್ರ ಮತ್ತು ಮಾಗಡಿ ಕೆರೆಗಳೊಡನೆ, ಸೇರಿತು. ಆದರೆ ಮನ್ನಣೆ ಸಿಕ್ಕಿರುವುದು ನದಿಯ ಬಾಯಿಗೆ ಮಾತ್ರ; ಅಳಿವೆಯ ಉಪ್ಪು–ಸಿಹಿಯನ್ನು ನಿರ್ಧರಿಸುವ ಘಟ್ಟದ ಮೇಲಿನ ಹರಿವನ್ನೇ ವೇದಾವತಿ ನದಿಯತ್ತ ತಿರುಗಿಸುವ ಪ್ರಸ್ತಾಪಕ್ಕೆ ಶಿರಸಿ ಸೀಮೆಯಲ್ಲಿ ವಿರೋಧ ಎದ್ದಿದೆ.