ದಂಡಿನ ವಾದ್ಯ, ರಾಗದ ನಾದ: ದೆಹಲಿಯ ವೇದಿಕೆಗಳಲ್ಲಿ ಸ್ಯಾಕ್ಸೋಫೋನ್

ದೆಹಲಿಯಲ್ಲಿ ಸ್ಯಾಕ್ಸೋಫೋನ್ ಮೂರು ಬಗೆಯ ವೇದಿಕೆಗಳಲ್ಲಿ ಕೇಳಿಸುತ್ತದೆ. ಗಣರಾಜ್ಯೋತ್ಸವದ ಸಂಭ್ರಮಕ್ಕೆ ತೆರೆ ಎಳೆಯುವ ಬೀಟಿಂಗ್ ರಿಟ್ರೀಟ್‌ನಲ್ಲಿ, ಪ್ರತಿ ಜನವರಿ 29ರ ಸಂಜೆ, ವಿಜಯ ಚೌಕದಲ್ಲಿ ಸಾಲುಗಟ್ಟುವ ಸೇನಾ ಬ್ಯಾಂಡ್‌ಗಳ ವಾದ್ಯಗಳಲ್ಲಿ ಅದೂ ಒಂದು. ಚಾಣಕ್ಯಪುರಿಯ ನೆಹರೂ ಪಾರ್ಕ್‌ನಲ್ಲಿ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ನಡೆಸುತ್ತ ಬಂದ ಅಂತರರಾಷ್ಟ್ರೀಯ ಜಾಜ್ ಉತ್ಸವದಲ್ಲಿ ಅದು ಮುಂದಾಳು. ದಕ್ಷಿಣದವರು ಕಟ್ಟಿ ಬೆಳೆಸಿದ ಸಂಗೀತ ಸಭೆಗಳಲ್ಲಿ ಅದೇ ವಾದ್ಯ ತಂಬೂರಿಯ ಶ್ರುತಿಗೆ ಕೂಡಿ, ಪಿಟೀಲು ಮೃದಂಗಗಳ ನಡುವೆ ಕೀರ್ತನೆ ನುಡಿಸುತ್ತದೆ. ಈ ಮೂರನೆಯ ರೂಪ ಜಗತ್ತಿಗೆ ಸಿಕ್ಕಿದ್ದು ದಕ್ಷಿಣ ಕನ್ನಡದ ಒಬ್ಬ ಕಲಾವಿದನಿಂದ. ಶಾಸ್ತ್ರೀಯ ಸ್ಯಾಕ್ಸೋಫೋನ್ ಬೇರೆಡೆ ಬೆಳೆದ ಬಗೆ ಮತ್ತು ಭಾರತದಲ್ಲಿ ಬೆಳೆದ ಬಗೆ ಎಷ್ಟು ಭಿನ್ನ ಎಂಬುದನ್ನು ತಿಳಿಯಲು ವಾದ್ಯದ ಹುಟ್ಟಿನಿಂದಲೇ ಆರಂಭಿಸಬೇಕು.

ಪ್ಯಾರಿಸ್‌ನ ಮೈದಾನದಿಂದ ವಾದ್ಯಗೋಷ್ಠಿಗೆ

ಸ್ಯಾಕ್ಸೋಫೋನ್‌ಗೆ ಹೆಸರು ಕೊಟ್ಟ ಅಡಾಲ್ಫ್ ಸ್ಯಾಕ್ಸ್ 1814ರಲ್ಲಿ ಬೆಲ್ಜಿಯಂನ ದಿನಾಂ ಪಟ್ಟಣದಲ್ಲಿ ಹುಟ್ಟಿದರು. ಹಿತ್ತಾಳೆಯ ಗಟ್ಟಿ ದನಿ, ಕ್ಲಾರಿನೆಟ್‌ನಂಥ ಮರದ ವಾದ್ಯಗಳ ಚುರುಕು, ಎರಡನ್ನೂ ಒಂದೇ ವಾದ್ಯದಲ್ಲಿ ಸೇರಿಸುವುದು ಅವರ ಗುರಿ. ಮೇಲಿನಿಂದ ಕೆಳಕ್ಕೆ ಅಗಲವಾಗುತ್ತ ಹೋಗುವ ಹಿತ್ತಾಳೆಯ ಕೊಳವೆಗೆ ಒಂಟಿ ರೀಡ್ ಜೋಡಿಸಿ ಅವರು ರೂಪಿಸಿದ ವಾದ್ಯಕ್ಕೆ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ದೊರೆಯಿತು. ಮೈ ಲೋಹದ್ದಾದರೂ ನಾದ ಹುಟ್ಟುವುದು ಬೆತ್ತದ ರೀಡ್‌ನ ಕಂಪನದಿಂದ. ಆದ್ದರಿಂದಲೇ ಸಂಗೀತಶಾಸ್ತ್ರದ ವರ್ಗೀಕರಣದಲ್ಲಿ ಅದು ಕಹಳೆಯ ಗುಂಪಿಗೆ ಸೇರದೆ ಕೊಳಲು, ಕ್ಲಾರಿನೆಟ್‌ಗಳ ಗುಂಪಿಗೆ ಸೇರುತ್ತದೆ.

ಅದಕ್ಕೆ ಮೊದಲ ಆಶ್ರಯ ಸಿಕ್ಕಿದ್ದು ದಂಡಿನಲ್ಲಿ. 1845ರಲ್ಲಿ ಪ್ಯಾರಿಸ್‌ನ ಷಾಂ ದ ಮಾರ್ಸ್ ಮೈದಾನದಲ್ಲಿ ಹಳೆಯ ಮಾದರಿಯ ಬ್ಯಾಂಡ್‌ಗೂ ಸ್ಯಾಕ್ಸ್ ಅವರ ವಾದ್ಯಗಳ ಬ್ಯಾಂಡ್‌ಗೂ ಬಹಿರಂಗ ಸ್ಪರ್ಧೆ ನಡೆಯಿತು. ಅದರಲ್ಲಿ ಸ್ಯಾಕ್ಸ್ ಗೆದ್ದರು, ಫ್ರೆಂಚ್ ಸೇನೆಯ ಬ್ಯಾಂಡ್‌ಗಳ ಬಾಗಿಲು ತೆರೆಯಿತು. 1857ರಿಂದ 1870ರವರೆಗೆ ಪ್ಯಾರಿಸ್ ಸಂಗೀತ ವಿದ್ಯಾಲಯದಲ್ಲಿ ಸೇನಾ ವಾದಕರಿಗೆ ಅವರೇ ಪಾಠ ಹೇಳಿದರು. ಬಳಿಕ ಆ ತರಗತಿ ನಿಂತುಹೋಗಿ, 1942ರಲ್ಲಿ ಮಾರ್ಸೆಲ್ ಮ್ಯೂಲ್ ಅವರ ಕೈಯಲ್ಲಿ ಮತ್ತೆ ಆರಂಭವಾಯಿತು. ನಡುವಿನ ದಶಕಗಳಲ್ಲಿ ಜಾಜ್ ಈ ವಾದ್ಯವನ್ನು ಎತ್ತಿಕೊಂಡಿತ್ತು. ಜನರ ಮನಸ್ಸಿನಲ್ಲಿ ಸ್ಯಾಕ್ಸೋಫೋನ್ ಎಂದರೆ ನೃತ್ಯಗೃಹದ ವಾದ್ಯ ಎಂಬ ಭಾವನೆ ಬೇರೂರಿತ್ತು.

ಅದನ್ನು ಮತ್ತೆ ಶಾಸ್ತ್ರೀಯ ವೇದಿಕೆಗೆ ತಂದದ್ದು ಮುಖ್ಯವಾಗಿ ವಾದ್ಯಗೋಷ್ಠಿಗಳು. ಮ್ಯೂಲ್ 1928ರಲ್ಲಿ ಫ್ರಾನ್ಸ್‌ನ ಗಾರ್ಡ್ ರಿಪಬ್ಲಿಕನ್ ಬ್ಯಾಂಡ್‌ನ ಸಹವಾದಕರನ್ನು ಸೇರಿಸಿ ನಾಲ್ವರ ಗೋಷ್ಠಿ ಕಟ್ಟಿದರು. ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್ ಎಂಬ ನಾಲ್ಕು ಸ್ಯಾಕ್ಸೋಫೋನ್‌ಗಳ ಈ ಜೋಡಣೆಯೇ ಇಂದಿಗೂ ಮಾದರಿ. ನಾಲ್ಕೂ ಒಂದೇ ಕುಟುಂಬದ ವಾದ್ಯಗಳಾದ್ದರಿಂದ ದನಿಗಳು ಒಂದರೊಳಗೊಂದು ಬೆರೆಯುತ್ತವೆ. ಏರಿಳಿತದ ವ್ಯಾಪ್ತಿಯೂ ದೊಡ್ಡದು. ರಷ್ಯಾದ ಅಲೆಕ್ಸಾಂಡರ್ ಗ್ಲಾಜುನೊವ್ 1932ರಲ್ಲಿ ಇಂಥ ಗೋಷ್ಠಿಗೆಂದೇ ಒಂದು ಕೃತಿ ರಚಿಸಿದರು. 1934ರಲ್ಲಿ ಏಕವ್ಯಕ್ತಿ ವಾದನಕ್ಕೆ ಅವರು ಬರೆದ ಕಾನ್ಚೆರ್ಟೊ ಜರ್ಮನಿ ಮೂಲದ ಸಿಗರ್ಡ್ ರಾಷರ್ ಅವರಿಗಾಗಿ ಹುಟ್ಟಿದ್ದು. ಮರುವರ್ಷ ಫ್ರಾನ್ಸ್‌ನ ಝಾಕ್ ಇಬೇರ್ ಕೂಡ ರಾಷರ್ ಅವರಿಗಾಗಿ ಒಂದು ಪುಟ್ಟ ಕಾನ್ಚೆರ್ಟೊ ಬರೆದರು. ಹೀಗೆ ಪಶ್ಚಿಮದಲ್ಲಿ ಶಾಸ್ತ್ರೀಯ ಸ್ಯಾಕ್ಸೋಫೋನ್ ಬೆಳೆದದ್ದು ಸ್ವರಲಿಪಿಯ ಹಾಳೆ, ವಿದ್ಯಾಲಯದ ತರಗತಿ ಮತ್ತು ಗೋಷ್ಠಿಯ ಶಿಸ್ತು ಎಂಬ ಮೂರರ ಆಧಾರದಲ್ಲಿ.

ವಿಶ್ವ ಸಮ್ಮೇಳನದ ರೀತಿ

ಈ ಪರಂಪರೆಯ ವಾದಕರು, ರಚನಕಾರರು, ಅಧ್ಯಾಪಕರು ಒಂದೆಡೆ ಸೇರುವ ಏರ್ಪಾಡೇ ವಿಶ್ವ ಸ್ಯಾಕ್ಸೋಫೋನ್ ಸಮ್ಮೇಳನ. ಕೆನಡಾದ ಪಾಲ್ ಬ್ರೋಡಿ ಮತ್ತು ಅಮೆರಿಕದ ಯೂಜೀನ್ ರೂಸೊ ಮುಂದಾಗಿ ನಿಂತು 1969ರಲ್ಲಿ ಷಿಕಾಗೊದಲ್ಲಿ ಮೊದಲ ಸಮ್ಮೇಳನ ನಡೆಸಿದರು. ಮರುವರ್ಷ ಅದೇ ನಗರದಲ್ಲಿ ನಡೆದ ಎರಡನೆಯ ಸಮ್ಮೇಳನದಲ್ಲಿ ಫ್ರಾನ್ಸ್‌ನ ಝಾನ್ ಮಾರಿ ಲೊಂಡೆಕ್ಸ್, ರಷ್ಯಾದ ಎಡಿಸನ್ ಡೆನಿಸೊವ್ ಆಗಷ್ಟೇ ಬರೆದಿದ್ದ ಸೊನಾಟವನ್ನು ಮೊದಲ ಬಾರಿಗೆ ನುಡಿಸಿದರು. ಇಂದು ಆ ಕೃತಿ ಜಗತ್ತಿನ ಅನೇಕ ಸ್ಯಾಕ್ಸೋಫೋನ್ ವಿದ್ಯಾರ್ಥಿಗಳ ಪಠ್ಯದಲ್ಲಿದೆ. ಹೊಸ ಕೃತಿಯನ್ನು ಬಲ್ಲವರ ಮುಂದೆಯೇ ಮೊದಲು ಒರೆಗೆ ಹಚ್ಚುವ ಈ ಪದ್ಧತಿ ಸಮ್ಮೇಳನದ ಜೀವಾಳವಾಯಿತು.

ಅಲ್ಲಿಂದೀಚೆಗೆ ಟೊರಾಂಟೊ, ಬೋರ್ಡೊ, ಲಂಡನ್, ಮಾಂಟ್ರಿಯಲ್ ಮುಂತಾದ ನಗರಗಳಲ್ಲಿ ಕೆಲವು ವರ್ಷಗಳಿಗೊಮ್ಮೆ ಅದು ಸೇರುತ್ತ ಬಂದಿದೆ. ಏಷ್ಯಾದಲ್ಲಿ 1988ರಲ್ಲಿ ಜಪಾನ್, 2009ರಲ್ಲಿ ಬ್ಯಾಂಕಾಕ್ ಅದಕ್ಕೆ ಆತಿಥ್ಯ ನೀಡಿದವು. 2015ರಲ್ಲಿ ಸ್ಟ್ರಾಸ್‌ಬುರ್ಗ್‌ನಲ್ಲಿ, 2018ರಲ್ಲಿ ಜಾಗ್ರೆಬ್‌ನಲ್ಲಿ ನಡೆಯಿತು. ಬೆಳಗಿನಿಂದ ರಾತ್ರಿಯವರೆಗೆ ಏಕವ್ಯಕ್ತಿ ವಾದನ, ನಾಲ್ವರ ಗೋಷ್ಠಿ, ಹತ್ತಿಪ್ಪತ್ತು ಮಂದಿಯ ಸ್ಯಾಕ್ಸೋಫೋನ್ ವಾದ್ಯವೃಂದ, ಹಿರಿಯರ ಪಾಠ, ಉಪನ್ಯಾಸಗಳು ಸಾಗುತ್ತವೆ. ಪಕ್ಕದಲ್ಲೇ ವಾದ್ಯ, ರೀಡ್, ಮೌತ್‌ಪೀಸ್ ತಯಾರಕರ ಮಳಿಗೆಗಳಿರುತ್ತವೆ. ಈ ಸಮ್ಮೇಳನ ಭಾರತಕ್ಕೆ ಇನ್ನೂ ಬಂದಿಲ್ಲ. ಹಾಗೆಂದು ಶಾಸ್ತ್ರೀಯ ಸ್ಯಾಕ್ಸೋಫೋನ್ ಭಾರತಕ್ಕೆ ಹೊಸದೇನಲ್ಲ. ಅದು ಇಲ್ಲಿ ಬೇರೆ ದಾರಿಯಲ್ಲಿ ಬಂತು.

ದಂಡು, ದೆಹಲಿ ಮತ್ತು ಕಾರ್ಯಪ್ಪ

ಫ್ರಾನ್ಸ್‌ನಲ್ಲಿ ಆದಂತೆ ಭಾರತದಲ್ಲೂ ಈ ವಾದ್ಯವನ್ನು ಹರಡಿದವರಲ್ಲಿ ದಂಡಿನವರ ಪಾತ್ರ ದೊಡ್ಡದು. ಬ್ರಿಟಿಷ್ ರೆಜಿಮೆಂಟುಗಳ ಬ್ಯಾಂಡ್‌ಗಳು ದಂಡುಪ್ರದೇಶಗಳಲ್ಲಿ ನುಡಿಸುತ್ತಿದ್ದವು. ಅವನ್ನು ಕಂಡ ದೇಶೀ ಸಂಸ್ಥಾನಗಳು ತಮ್ಮದೇ ಬ್ಯಾಂಡ್ ಕಟ್ಟಿಕೊಂಡವು. ಸ್ವಾತಂತ್ರ್ಯಾನಂತರ ಈ ಪರಂಪರೆಗೆ ಸ್ವದೇಶಿ ತಳಪಾಯ ಹಾಕಿದವರಲ್ಲಿ ಕೊಡಗಿನ ಕೆ.ಎಂ. ಕಾರ್ಯಪ್ಪ ಪ್ರಮುಖರು. ಅವರು ಭೂಸೇನೆಯ ಮಹಾದಂಡನಾಯಕರಾಗಿದ್ದಾಗ, 1950ರ ಅಕ್ಟೋಬರ್‌ನಲ್ಲಿ, ಅವರ ಆಶ್ರಯದಲ್ಲಿ ಸೇನಾ ಸಂಗೀತ ವಿಭಾಗ ಆರಂಭವಾಯಿತು. ಮಧ್ಯಪ್ರದೇಶದ ಪಚಮಢಿಯಲ್ಲಿರುವ ಆ ವಿಭಾಗದಲ್ಲಿ ಸೇನಾ ವಾದಕರು ತರಬೇತಿ ಪಡೆಯುತ್ತಾರೆ.

ಹೊರದೇಶಗಳ ಸೇನಾ ವಾದಕರೂ ದೆಹಲಿಗೆ ಬಂದಿದ್ದಾರೆ. 2016ರ ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಮೊದಲ ಬಾರಿಗೆ ವಿದೇಶಿ ಸೇನಾ ತುಕಡಿಯೊಂದು ಹೆಜ್ಜೆ ಹಾಕಿತು. ಅದು ಫ್ರಾನ್ಸ್‌ನದು. 2024ರಲ್ಲಿ ಫ್ರಾನ್ಸ್‌ನ ತುಕಡಿ ತನ್ನ ಬ್ಯಾಂಡ್‌ನೊಂದಿಗೆ ಕರ್ತವ್ಯ ಪಥಕ್ಕೆ ಮತ್ತೆ ಬಂತು. ಸ್ಯಾಕ್ಸೋಫೋನ್‌ಗೆ ಮೊದಲು ಮಣೆ ಹಾಕಿದ ಸೇನೆಯ ಉತ್ತರಾಧಿಕಾರಿಗಳು ಅವರು. ಆದರೆ ಸೇನಾ ಬ್ಯಾಂಡ್‌ನಲ್ಲಿ ಈ ವಾದ್ಯದ ಕೆಲಸ ಇಡೀ ಮೇಳದ ದನಿಗೆ ಮೈ ತುಂಬುವುದು. ಅದಕ್ಕೆ ಸ್ವತಂತ್ರ ವ್ಯಕ್ತಿತ್ವ ಸಿಗಲು ಇನ್ನೊಂದು ಊರು ಬೇಕಾಯಿತು.

ಮೈಸೂರಿನ ಅರಮನೆಯಿಂದ ಮಂಗಳೂರಿಗೆ

ಮೈಸೂರು ಅರಮನೆಯಲ್ಲಿ ಎರಡು ಬ್ಯಾಂಡ್‌ಗಳಿದ್ದವು. ಒಂದು ಪಾಶ್ಚಾತ್ಯ ಸಂಗೀತಕ್ಕೆ ಮೀಸಲಾದ ಇಂಗ್ಲಿಷ್ ಬ್ಯಾಂಡ್, ಇನ್ನೊಂದು ಕೀರ್ತನೆಗಳನ್ನು ಮೇಳವಾಗಿ ನುಡಿಸುವ ಕರ್ನಾಟಕ ಬ್ಯಾಂಡ್. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನಿಯ ಆಟೊ ಷ್ಮಿಟ್ ಅವರಂಥವರು ಇಲ್ಲಿ ಬ್ಯಾಂಡ್ ತರಬೇತಿ ನೀಡಿದರು. ಸಂಸ್ಥಾನದ ಕಾಲ ಮುಗಿದ ಮೇಲೆ ಈ ಪರಂಪರೆ ಪೊಲೀಸ್ ಬ್ಯಾಂಡ್‌ಗಳಲ್ಲಿ ಮುಂದುವರಿದು, ದಸರಾ ಕಾರ್ಯಕ್ರಮಗಳಲ್ಲಿ ಇಂದಿಗೂ ಕೇಳಲು ಸಿಗುತ್ತದೆ.

ಈ ಅರಮನೆ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ಕಂಡು ಮನಸೋತ ಬಾಲಕ ಕದ್ರಿ ಗೋಪಾಲನಾಥ್. ಅವರು 1949ರ ಡಿಸೆಂಬರ್ 6ರಂದು ಬಂಟ್ವಾಳ ತಾಲ್ಲೂಕಿನ ಸಜೀಪದಲ್ಲಿ ಹುಟ್ಟಿದರು. ತಂದೆ ತನಿಯಪ್ಪ ನಾಗಸ್ವರ ವಾದಕರು, ಮೊದಲ ಗುರುವೂ ಅವರೇ. ಬಳಿಕ ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಮುಂದೆ ಚೆನ್ನೈನಲ್ಲಿ ಗಾಯಕ ಹಾಗೂ ಮೃದಂಗ ವಿದ್ವಾಂಸ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಅಭ್ಯಾಸ ಮಾಡಿದರು. ಸ್ಯಾಕ್ಸೋಫೋನ್‌ನಲ್ಲಿ ಕರ್ನಾಟಕ ಸಂಗೀತದ ಪೂರ್ಣ ಕಛೇರಿ ನೀಡುವ ಮಟ್ಟ ಮುಟ್ಟಲು ಅವರಿಗೆ ಎರಡು ದಶಕಗಳಷ್ಟು ಸಾಧನೆ ಬೇಕಾಯಿತು.

ಅಷ್ಟು ಕಾಲ ಹಿಡಿಯಲು ಕಾರಣ ವಾದ್ಯದ ರಚನೆಯಲ್ಲೇ ಇದೆ. ನಾಗಸ್ವರದ ರಂಧ್ರಗಳನ್ನು ಬೆರಳೇ ಮುಚ್ಚುತ್ತದೆ. ಬೆರಳನ್ನು ಅರ್ಧ ಸರಿಸಿ, ಉಜ್ಜಿ, ಎತ್ತಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಸ್ಯಾಕ್ಸೋಫೋನ್‌ನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿ ಮತ್ತು ಪ್ಯಾಡ್ ಇವೆ. ಕೀಲಿ ಒತ್ತಿದರೆ ರಂಧ್ರ ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ನಡುವಿನ ಸ್ಥಿತಿಗೆ ಅವಕಾಶ ತೀರ ಕಡಿಮೆ. ಪಿಯಾನೊದಂತೆ ಸ್ವರಗಳ ನಡುವಿನ ಅಂತರ ಸಮನಾಗಿರಲೆಂದೇ ಅದನ್ನು ಮಾಡಿದ್ದಾರೆ. ತೋಡಿಯ ಗಾಂಧಾರವಾಗಲಿ ಬೇಗಡೆಯ ಮಧ್ಯಮವಾಗಲಿ ಅಲ್ಲಾಡದೆ ನಿಂತರೆ ರಾಗವೇ ಉಳಿಯುವುದಿಲ್ಲ. ಈ ಕೊರತೆಯನ್ನು ತುಟಿಯ ಬಿಗಿ, ನಾಲಗೆಯ ಸ್ಥಾನ, ಗಂಟಲ ಹಿಡಿತ, ಉಸಿರಿನ ಒತ್ತಡಗಳಿಂದ ತುಂಬಿಕೊಳ್ಳಬೇಕು. ಕೀಲಿಗಳನ್ನು ಒಮ್ಮೆಗೇ ಬಿಡದೆ ನಿಧಾನವಾಗಿ ಎತ್ತುವ ಕೈಚಳಕವೂ ಬೇಕು. ಗೋಪಾಲನಾಥ್ ತಮ್ಮ ಅಗತ್ಯಕ್ಕೆ ತಕ್ಕಂತೆ ವಾದ್ಯದಲ್ಲೇ ಕೆಲವು ಮಾರ್ಪಾಡು ಮಾಡಿಕೊಂಡರು. ಹೊರಗಿನ ವಾದ್ಯವೊಂದನ್ನು ಹೀಗೆ ಪಳಗಿಸಿದ್ದು ಇದೇ ಮೊದಲಲ್ಲ. ಪಿಟೀಲು ಎರಡು ಶತಮಾನಗಳ ಹಿಂದೆಯೇ ಕರ್ನಾಟಕ ಸಂಗೀತಕ್ಕೆ ಒಗ್ಗಿತ್ತು. ಎ.ಕೆ.ಸಿ. ನಟರಾಜನ್ ಕ್ಲಾರಿನೆಟ್‌ನಲ್ಲಿ, ಯು. ಶ್ರೀನಿವಾಸ್ ಮ್ಯಾಂಡೊಲಿನ್‌ನಲ್ಲಿ ಮಾಡಿದ್ದೂ ಇದೇ ಬಗೆಯ ಕೆಲಸ.

ಹೊರನಾಡಿನ ವೇದಿಕೆಗಳು

1980ರಲ್ಲಿ ಮುಂಬೈಯಲ್ಲಿ ನಡೆದ ಜಾಜ್ ಉತ್ಸವ ಗೋಪಾಲನಾಥ್ ಅವರ ಬದುಕಿನ ದಿಕ್ಕು ಬದಲಿಸಿತು. ಅಲ್ಲಿ ಅವರ ವಾದನ ಕೇಳಿದ ಕ್ಯಾಲಿಫೋರ್ನಿಯಾದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ತಾವೂ ಜೊತೆಗೆ ನುಡಿಸುವ ಆಸೆ ವ್ಯಕ್ತಪಡಿಸಿದರು. ಇಬ್ಬರೂ ಒಂದೇ ವೇದಿಕೆ ಹಂಚಿಕೊಂಡರು. ಮುಂದೆ ಬರ್ಲಿನ್, ಪ್ರಾಗ್ ಜಾಜ್ ಉತ್ಸವಗಳು, ಮೆಕ್ಸಿಕೊದ ಸೆರ್ವಾಂಟಿನೊ ಉತ್ಸವ ಅವರನ್ನು ಕರೆಸಿಕೊಂಡವು. 1994ರಲ್ಲಿ ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯುವ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಅವರು ನುಡಿಸಿದರು. ಆ ಉತ್ಸವಕ್ಕೆ ಆಹ್ವಾನ ಪಡೆದ ಮೊದಲ ಕರ್ನಾಟಕ ಸಂಗೀತಗಾರರೆಂದು ಅವರನ್ನು ಗುರುತಿಸಲಾಗುತ್ತದೆ. ಅದೇ ವರ್ಷ ತೆರೆಕಂಡ ಕೆ. ಬಾಲಚಂದರ್ ನಿರ್ದೇಶನದ ತಮಿಳು ಚಿತ್ರ ‘ಡ್ಯುಯೆಟ್’ನಲ್ಲಿ ಎ.ಆರ್. ರೆಹಮಾನ್ ಸಂಗೀತಕ್ಕೆ ನುಡಿಸಿ ಮನೆಮಾತಾದರು. 2004ರಲ್ಲಿ ಕೇಂದ್ರ ಸರ್ಕಾರ ಪದ್ಮಶ್ರೀ ನೀಡಿತು. 2019ರ ಅಕ್ಟೋಬರ್ 11ರಂದು ಅವರು ಮಂಗಳೂರಿನಲ್ಲಿ ನಿಧನರಾದರು.

ಈ ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿದೆ. ಅಮೆರಿಕದ ಚಾರ್ಲಿ ಮರಿಯಾನೊ ಆಲ್ಟೊ ಸ್ಯಾಕ್ಸೋಫೋನ್‌ನಲ್ಲಿ ಹೆಸರು ಮಾಡಿದ ಮೇಲೆ ನಾಗಸ್ವರ ಕಲಿತವರು. ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ದಂಪತಿಯ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಂದಿಗೆ ಅವರು 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ತಂದರು. ಅಮೆರಿಕದಲ್ಲಿ ಬೆಳೆದ, ಕರ್ನಾಟಕ ಮೂಲದ ರುದ್ರೇಶ್ ಮಹಾಂತಪ್ಪ ಜಾಜ್ ಲೋಕದ ಮುಂಚೂಣಿ ಸ್ಯಾಕ್ಸೋಫೋನ್ ವಾದಕ. ಅವರು ಗೋಪಾಲನಾಥ್ ಅವರೊಡನೆ ಕಟ್ಟಿದ ದಕ್ಷಿಣ ಎನ್‌ಸೆಂಬಲ್‌ನಲ್ಲಿ ಎ. ಕನ್ಯಾಕುಮಾರಿ ಅವರ ಪಿಟೀಲು, ಪೂವಲೂರು ಶ್ರೀಜಿ ಅವರ ಮೃದಂಗ, ಜೊತೆಗೆ ಗಿಟಾರ್, ಬಾಸ್, ಡ್ರಮ್ಸ್ ಇದ್ದವು. 2008ರಲ್ಲಿ ಬಂದ ‘ಕಿನ್ಸ್‌ಮೆನ್’ ಧ್ವನಿಮುದ್ರಿಕೆಯಲ್ಲಿ ಎರಡು ಸ್ಯಾಕ್ಸೋಫೋನ್‌ಗಳು ತಮ್ಮ ತಮ್ಮ ವ್ಯಾಕರಣ ಬಿಡದೆ ಮಾತನಾಡುತ್ತವೆ.

ಒಂಟಿ ದನಿಯಿಂದ ಮೇಳಕ್ಕೆ

ಇಷ್ಟರಲ್ಲಿ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಪಶ್ಚಿಮದ ಶಾಸ್ತ್ರೀಯ ಸ್ಯಾಕ್ಸೋಫೋನ್ ಗೋಷ್ಠಿಯಾಗಿ ನಿಂತಿತು, ಭಾರತದ್ದು ಒಬ್ಬ ವಾದಕನ ಮನೋಧರ್ಮವಾಗಿ ಬೆಳೆಯಿತು. ರಾಗಸಂಗೀತದಲ್ಲಿ ಒಂದೇ ಸ್ವರಧಾರೆ ಪ್ರಧಾನ. ನಾಲ್ಕು ದನಿಗಳು ಏಕಕಾಲಕ್ಕೆ ಬೇರೆ ಬೇರೆ ಸ್ವರ ಹಿಡಿಯುವ ಪದ್ಧತಿ ಅದಕ್ಕಿಲ್ಲ. ಹಾಗಾಗಿ ಹೊರದೇಶದ ಉತ್ಸವಗಳಲ್ಲಿ ಭಾರತದ ಶಾಸ್ತ್ರೀಯ ಸ್ಯಾಕ್ಸೋಫೋನ್ ಎಂದರೆ ಒಬ್ಬ ವಿದ್ವಾಂಸ ಮತ್ತು ಅವರ ಪಕ್ಕವಾದ್ಯ ಎಂದೇ ರೂಢಿಯಾಯಿತು.

ಆದರೂ ಸಹವಾದನ ಇಲ್ಲಿ ಅಪರಿಚಿತವಲ್ಲ. ನಾಗಸ್ವರವನ್ನು ಜೋಡಿಯಾಗಿ ನುಡಿಸುವ ರೂಢಿ ದಕ್ಷಿಣದ ದೇವಾಲಯಗಳಲ್ಲಿ ಹಳೆಯದು. ಗೋಪಾಲನಾಥ್ ಅವರ ಶಿಷ್ಯೆ ಎಂ.ಎಸ್. ಲಾವಣ್ಯ ಮತ್ತು ಅವರ ಸೋದರಿ ಎಂ.ಎಸ್. ಸುಬ್ಬಲಕ್ಷ್ಮಿ ಬೆಂಗಳೂರಿನಿಂದ ‘ಸ್ಯಾಕ್ಸೋಫೋನ್ ಸಹೋದರಿಯರು’ ಎಂದೇ ಹೆಸರಾದರು. ತುಳುನಾಡು ಮತ್ತು ಕಾಸರಗೋಡಿನಲ್ಲಿ ಮದುವೆ, ಜಾತ್ರೆ, ದೇವಸ್ಥಾನದ ಉತ್ಸವಗಳಲ್ಲಿ ನಾಗಸ್ವರದ ಸ್ಥಾನದಲ್ಲಿ ಸ್ಯಾಕ್ಸೋಫೋನ್ ಕೂತು ದಶಕಗಳಾದವು. ಡೋಲಿನ ಜೊತೆ ಎರಡು ಸ್ಯಾಕ್ಸೋಫೋನ್ ನುಡಿಯುವುದು ಅಲ್ಲಿ ಸಾಮಾನ್ಯ. ಮೈಸೂರಿನ ಕರ್ನಾಟಕ ಬ್ಯಾಂಡ್ ಅಂತೂ ಕೀರ್ತನೆಯನ್ನು ಇಡೀ ಮೇಳಕ್ಕೆ ಹೊಂದಿಸುವ ಕೆಲಸವನ್ನು ಬಹು ಹಿಂದೆಯೇ ಮಾಡಿ ತೋರಿಸಿದೆ.

ಈ ಎಳೆಗಳನ್ನು ಒಂದೆಡೆ ಸೇರಿಸುವ ಅನುಕೂಲ ದೆಹಲಿಗೆ ಉಳಿದೆಲ್ಲ ನಗರಗಳಿಗಿಂತ ಹೆಚ್ಚು. ವಿದೇಶಿ ಗೋಷ್ಠಿಗಳನ್ನು ಕರೆತರಬಲ್ಲ ರಾಯಭಾರ ಕಚೇರಿಗಳು, 1950ರಿಂದ ಕೆಲಸ ಮಾಡುತ್ತಿರುವ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು, ಕಮಾನಿ, ಸಿರಿಫೋರ್ಟ್‌ನಂಥ ಸಭಾಂಗಣಗಳು, ಐಐಟಿ ದೆಹಲಿಯಲ್ಲಿ 1977ರಲ್ಲಿ ಹುಟ್ಟಿ ಶಾಲಾ ಕಾಲೇಜುಗಳಿಗೆ ಶಾಸ್ತ್ರೀಯ ಸಂಗೀತ ಮುಟ್ಟಿಸುತ್ತಿರುವ ಸ್ಪಿಕ್ ಮೆಕೆ, ರಾಜಧಾನಿಯ ಸೇನಾ ಬ್ಯಾಂಡ್‌ಗಳು ಎಲ್ಲವೂ ಅಲ್ಲಿವೆ. ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘವೂ ಇದೆ. ಫ್ರಾನ್ಸ್ ಅಥವಾ ಜಪಾನ್‌ನ ನಾಲ್ವರ ಗೋಷ್ಠಿ, ಮಂಗಳೂರಿನ ಜೋಡಿ ಸ್ಯಾಕ್ಸೋಫೋನ್, ಮೈಸೂರಿನ ಕರ್ನಾಟಕ ಬ್ಯಾಂಡ್ ಒಂದೇ ವಾರದಲ್ಲಿ ಒಂದೇ ವೇದಿಕೆಗೆ ಬರುವ ಉತ್ಸವಕ್ಕೆ ಹೊಸ ಕಟ್ಟಡವೇನೂ ಬೇಕಿಲ್ಲ. ಅಂಥ ಉತ್ಸವಕ್ಕೆ ದೆಹಲಿಯ ಕನ್ನಡಿಗರು ಮತ್ತು ಕರ್ನಾಟಕದ ಸಂಸ್ಕೃತಿ ಇಲಾಖೆ ಒಟ್ಟಾಗಿ ಮುಂದಾಗಬೇಕು.