ಮರದಚ್ಚಿನಲ್ಲಿ ಪೇಟೆಬೀದಿ

ವುಡ್ ಎನ್‌ಗ್ರೇವಿಂಗ್ ಎಂಬ ಅಚ್ಚುಚಿತ್ರ ಕಲೆಯಲ್ಲಿ ಕೆತ್ತುವುದು ಹಲಗೆಯ ಮೈಯನ್ನಲ್ಲ, ದಿಮ್ಮಿಯನ್ನು ಅಡ್ಡ ಕೊಯ್ದಾಗ ಸಿಗುವ ಮುಖವನ್ನು. ಮೈಸೂರು ಜಿಲ್ಲೆಯ ಅಂತರಸಂತೆ ಕಡೆಯ ಕಾಡಿನ ತೇಗ ಇದಕ್ಕೆ ಒಗ್ಗದು. ಅದರ ರಂಧ್ರ ದೊಡ್ಡದು. ಬಾಕ್ಸ್‌ವುಡ್‌ನಂಥ ಒತ್ತಾದ ಎಳೆಗಳುಳ್ಳ ಮರವೇ ಬೇಕು. ಅದರ ಮೇಲೆ ಬ್ಯೂರಿನ್ ಎಂಬ ಚೂಪು ಉಳಿ ಯಾವ ದಿಕ್ಕಿಗೂ ಸಲೀಸಾಗಿ ಓಡುತ್ತದೆ.

ಕೆತ್ತಿದ ಗೆರೆ ಬಿಳಿ. ಉಳಿದ ಮೈಗೆ ರೋಲರ್‌ನ ಮಸಿ ಹತ್ತಿ ಕಪ್ಪು. ಹಾಗಾಗಿ ರಾತ್ರಿಯ ಪೇಟೆಗೆ ಇದು ಹೇಳಿ ಮಾಡಿಸಿದ ಮಾಧ್ಯಮ: ಬೀದಿದೀಪ, ಕಿಟಕಿ, ಮಳೆಹನಿ ಒಂದೊಂದೇ ಗೀರಿನಲ್ಲಿ ಬೆಳಗುತ್ತವೆ.

ಫ್ರೆಂಚ್ ಚಿತ್ರಕಾರ ಗುಸ್ತಾವ್ ಡೋರೆಯ 1872ರ ಲಂಡನ್ ಪುಸ್ತಕದಲ್ಲಿ ರೈಲು ಸೇತುವೆಯಡಿಯ ಹೊಗೆ ಹಿಡಿದ ಮನೆಸಾಲು ಮೂಡಿದ್ದು ಹೀಗೆಯೇ. ಕೆತ್ತಿದವರು ಬೇರೆ ಕುಶಲಕರ್ಮಿಗಳು. ಹೆಸರು ಬಂದಿದ್ದು ಮಾತ್ರ ಡೋರೆಗೆ!

ಇಂಥ ಅಚ್ಚುಚಿತ್ರ ಕಲಿಯಲು ಅಂತರಸಂತೆ ಸೀಮೆಗೆ ಹತ್ತಿರದ್ದು ಮೈಸೂರಿನ ಕಾವಾ ಎಂಬ ಕಲಾ ಕಾಲೇಜು. ಅಲ್ಲಿ ಗ್ರಾಫಿಕ್ಸ್ ವಿಭಾಗವಿದೆ.